ತಾಯಿಯ ನುಡಿಗೆ ಸಂಜೆಯ ಪಾಠ

ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮನೆ ಮಾಡಿಕೊಂಡಿರುವ ನಾವೆಲ್ಲ ದಿನವೂ ನಾಲ್ಕಾರು ಸ್ಪ್ಯಾನಿಷ್ ಮಾತುಗಳನ್ನು ಆಡಿಯೇ ಆಡುತ್ತೇವೆ. ಆಡುತ್ತಿರುವುದು ಸ್ಪ್ಯಾನಿಷ್ ಎಂಬ ನೆನಪಿರುವುದಿಲ್ಲ, ಅಷ್ಟೆ. ಅಮರಿಲ್ಲೊ ಎಂದರೆ ಹಳದಿ. ಕೊಲರಾಡೊ ಎಂದರೆ ಕೆಂಪು ಬಣ್ಣದ್ದು. ನೆವಾಡಾ ಎಂದರೆ ಹಿಮ ಹೊದ್ದದ್ದು. ಲಾಸ್ ವೇಗಸ್ ಎಂದರೆ ಹುಲ್ಲುಗಾವಲುಗಳು (ಈಗ ಅಲ್ಲಿಗೆ ಹುಲ್ಲು ಹುಡುಕಿಕೊಂಡು ಹೋಗುವವರನ್ನು ನಾನಂತೂ ಕಂಡಿಲ್ಲ). ಊರಿಗೆ, ನದಿಗೆ, ಬೆಟ್ಟಕ್ಕೆ ಹೀಗೆ ಹೆಸರಿಟ್ಟ ಜನರ ಮೊಮ್ಮಕ್ಕಳು, ಮರಿಮಕ್ಕಳು ಈಗ ಕಾಸು ಕೊಟ್ಟು ಸಂಜೆ ಹೊತ್ತು ಕಾಲೇಜಿಗೆ ಬಂದು ಅದೇ ಭಾಷೆಯ ಒಂದನೆಯ ಪಾಠ ಓದುತ್ತಿದ್ದಾರೆ. ಇದು ನನ್ನ ಗಮನಕ್ಕೆ ಬಂದದ್ದು ಸ್ಯಾನ್ ಆಂಟೋನಿಯೋದಲ್ಲಿ ನಾನೂ ಅಂಥದೊಂದು ತರಗತಿಗೆ ಸೇರಿದ ಮೇಲೆ.

ಮೊದಲ ದಿನ ಹಾಜರಿ ಕರೆದರು. ಇಪ್ಪತ್ತೆರಡು ಮಂದಿಯಲ್ಲಿ ಹದಿಮೂರು ಮಂದಿ ಗಾರ್ಸಿಯಾ, ಮಾರ್ತಿನೆಸ್, ಫ್ಲೋರೆಸ್ ಎಂಬಂಥ ಹೆಸರಿನವರು. ಧಾರವಾಡದ ಜನ ಧಾರವಾಡದಲ್ಲೇ ಕೂತು 'ಅ ಅಗಸ, ಆ ಆನೆ' ಎಂದು ಕಲಿತ ಹಾಗಾಯಿತಲ್ಲ ಇದು ಎಂದು ಅಚ್ಚರಿಪಟ್ಟೆ. ಪಕ್ಕದಲ್ಲಿ ಕೂತಿದ್ದಾಕೆ ಆಸ್ಪತ್ರೆಯೊಂದರಲ್ಲಿ ನರ್ಸು. ಎದೆಯ ಮೇಲಿನ ಬಿಲ್ಲೆಯಲ್ಲಿ ಆಕೆಯ ಹೆಸರು ಓದಿದ ಕೂಡಲೇ ವಯಸ್ಸಾದ ರೋಗಿಗಳು ನೆಮ್ಮದಿಯಿಂದ ಉಸಿರು ಬಿಟ್ಟು ಸ್ಪ್ಯಾನಿಷಿನಲ್ಲಿ ತಮ್ಮ ಕಷ್ಟವನ್ನೆಲ್ಲ ಹೇಳಿಕೊಳ್ಳಲು ತೊಡಗುತ್ತಾರಂತೆ. ಆಕೆಗೆ ಅರ್ಥವಾಗುವುದು ಕಾಲುಭಾಗ. "ದುಭಾಷಿಯನ್ನು ಕರೆಯುತ್ತೇನೆ ಅಂದಾಗ ಅವರ ಮುಖ ನೋಡಬೇಕು ನೀವು. ನಾನೇನೋ ಬೇಕೆಂದೇ ಅವರನ್ನು ದೂರ ಮಾಡಿದೆ ಅನ್ನುವ ಹಾಗೆ ನೋಡುತ್ತಾರೆ" ಎಂದಳು.

ಹಿಂದಿನ ಬೆಂಚಿನಲ್ಲಿ ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರೊಬ್ಬರು. ಅವರ ಕಾರಣ ಬೇರೆ. ಅವರ ತಾಯಿಗೆ ಎಂಬತ್ತೊಂಬತ್ತು ವರ್ಷ. ನೆನಪು ಒಂದೊಂದಾಗಿ ಜಾರುತ್ತಿದೆ. ಮೊದಲು ಹೋದದ್ದು ಇಂಗ್ಲಿಷು. ಐವತ್ತು ವರ್ಷ ಮಕ್ಕಳೊಡನೆ ಇಂಗ್ಲಿಷನ್ನೇ ಆಡಿಕೊಂಡು ಬಂದಿದ್ದ ತಾಯಿ ಈಗ ಸ್ಪ್ಯಾನಿಷ್ ಬಿಟ್ಟು ಬೇರೆ ಆಡುವುದಿಲ್ಲ. ಮಗನಿಗೆ ಅದು ಬಾರದು, ಆಕೆಯೇ ಕಲಿಸಿರಲಿಲ್ಲ. "ನಮ್ಮಮ್ಮ ದಿನಾ ನನಗೆ ಏನೋ ಹೇಳುತ್ತಾಳೆ. ನನಗೆ ಗೊತ್ತಾಗುವುದಿಲ್ಲ" ಎಂದಷ್ಟೇ ಹೇಳಿ ಅವರು ಪುಸ್ತಕ ತೆರೆದರು.

ಆಕೆ ಕಲಿಸದೆ ಇದ್ದದ್ದಕ್ಕೆ ಕಾರಣ ಆಕೆಯ ಮನೆಯೊಳಗಿನದಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

1848ರ ಫೆಬ್ರವರಿ 2ರಂದು ಗ್ವಾದಲೂಪೆ ಹಿದಾಲ್ಗೊ ಒಪ್ಪಂದಕ್ಕೆ ಸಹಿ ಬಿತ್ತು. ಯುದ್ಧದಲ್ಲಿ ಸೋತ ಮೆಕ್ಸಿಕೊ ಒಂದೂವರೆ ಕೋಟಿ ಡಾಲರಿಗೆ ತನ್ನ ಉತ್ತರದ ಸೀಮೆಯನ್ನೆಲ್ಲ ಬಿಟ್ಟುಕೊಟ್ಟಿತು. ಟೆಕ್ಸಾಸ್ ಅದಕ್ಕೂ ಮೂರು ವರ್ಷ ಮೊದಲೇ ಅಮೆರಿಕದ ಕೈಸೇರಿತ್ತು. ಅಲ್ಲಿದ್ದ ಜನ ಎಲ್ಲಿಗೂ ವಲಸೆ ಹೋಗಲಿಲ್ಲ. ಗಡಿಯೇ ಅವರ ತಲೆಯ ಮೇಲೆ ಹಾದುಹೋಯಿತು. ನ್ಯೂ ಮೆಕ್ಸಿಕೋದಲ್ಲಿ ಸ್ಪ್ಯಾನಿಷ್ ಮಾತನಾಡುವವರು 1598ರಿಂದಲೇ ನೆಲೆಸಿದ್ದರು, ಅಂದರೆ ಮೈಸೂರಿನಲ್ಲಿ ರಾಜ ಒಡೆಯರು ಆಳುತ್ತಿದ್ದ ಕಾಲದಿಂದ. ಹೊಸ ಆಡಳಿತ ಮೊದಮೊದಲು ಉದಾರವಾಗಿಯೇ ಇತ್ತು. ಕ್ಯಾಲಿಫೋರ್ನಿಯಾದ 1849ರ ಸಂವಿಧಾನ ಕಾನೂನುಗಳನ್ನೆಲ್ಲ ಸ್ಪ್ಯಾನಿಷಿನಲ್ಲೂ ಪ್ರಕಟಿಸಬೇಕೆಂದು ವಿಧಿಸಿತ್ತು. ಮೂವತ್ತೇ ವರ್ಷ, 1879ರ ಸಂವಿಧಾನದಲ್ಲಿ ಆ ಮಾತು ಮಾಯವಾಯಿತು.

ಟೆಕ್ಸಾಸ್ ಇನ್ನೂ ಮುಂದೆ ಹೋಯಿತು. ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷಲ್ಲದ ಭಾಷೆಯಲ್ಲಿ ಪಾಠ ಹೇಳುವುದು 1918ರ ಕಾನೂನಿನ ಪ್ರಕಾರ ಅಪರಾಧ. ಹೈಸ್ಕೂಲಿನಲ್ಲಿ ಪರಭಾಷೆಯೆಂದು ಕಲಿಸಬಹುದು, ಅಷ್ಟೆ. ಅಂದರೆ ಬಿಳಿಯರ ಹುಡುಗ ಹದಿನೈದನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತರೆ ವಿದ್ಯೆ. ಮೆಕ್ಸಿಕನ್ ಮನೆತನದ ಹುಡುಗ ಆರನೆಯ ವಯಸ್ಸಿನಲ್ಲಿ ಆಟದ ಬಯಲಿನಲ್ಲಿ ಅದನ್ನಾಡಿದರೆ ಅಂಗೈ ಮೇಲೆ ಏಟು.

ಪಶ್ಚಿಮ ಟೆಕ್ಸಾಸಿನ ಮಾರ್ಫಾ ಎಂಬ ಪುಟ್ಟ ಊರಿನಲ್ಲಿ ಬ್ಲ್ಯಾಕ್‌ವೆಲ್ ಶಾಲೆಯೆಂದು ಒಂದಿದೆ. ಹಸಿ ಇಟ್ಟಿಗೆಯ ಕಟ್ಟಡ, ಕಟ್ಟಿದ್ದು 1909ರಲ್ಲಿ. ಮೆಕ್ಸಿಕನ್ ಮಕ್ಕಳಿಗೇ ಮೀಸಲು. 1954ರಲ್ಲಿ ಅಲ್ಲಿ ಒಂದು ಅಣಕು ಶವಸಂಸ್ಕಾರ ನಡೆಯಿತು. ಮಕ್ಕಳ ಕೈಯಲ್ಲಿ ಕಾಗದದ ಚೀಟಿ ಕೊಟ್ಟು, ಸ್ಪ್ಯಾನಿಷ್ ಮಾತನಾಡುವುದಿಲ್ಲ ಎಂದು ಬರೆಸಿ, ಚೀಟಿಗಳನ್ನೆಲ್ಲ ಸಿಗಾರಿನ ಡಬ್ಬಿಯಲ್ಲಿ ತುಂಬಿ, ಶಾಲೆಯ ಧ್ವಜಸ್ತಂಭದ ಬಳಿ ಗುಂಡಿ ತೋಡಿ ಹೂಳಿಸಿದರು. ಸತ್ತವರ ಹೆಸರು 'ಮಿಸ್ಟರ್ ಸ್ಪ್ಯಾನಿಷ್'! ಗೋರಿಯ ಸುತ್ತ ನಿಂತಿದ್ದ ಮಕ್ಕಳು ಅಂದು ಸಂಜೆ ಮನೆಗೆ ಹೋಗಿ ತಾಯಿಯೊಡನೆ ಯಾವ ಭಾಷೆಯಲ್ಲಿ ಊಟ ಕೇಳಿರಬೇಕು? ಆ ಶಾಲೆ ಮುಚ್ಚಿದ್ದು 1965ರಲ್ಲಿ. 2007ರಲ್ಲಿ ಹಳೆಯ ವಿದ್ಯಾರ್ಥಿಗಳು, ಎಲ್ಲ ಅಜ್ಜ ಅಜ್ಜಿಯರು, ಅಲ್ಲಿ ಸೇರಿ ಮತ್ತೆ ನೆಲ ಅಗೆದು 'ಸತ್ತವರನ್ನು' ಮೇಲೆತ್ತುವ ಕಾರ್ಯಕ್ರಮ ನಡೆಸಿದರು. ಪೆಟ್ಟಿಗೆಯಿಂದ ಹೊರಬಂದದ್ದು ಒಂದು ಸ್ಪ್ಯಾನಿಷ್ ನಿಘಂಟು. 2022ರ ಅಕ್ಟೋಬರಿನಲ್ಲಿ ಆ ಶಾಲೆಯನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಮಾಡುವ ಕಾನೂನಿಗೆ ಅಧ್ಯಕ್ಷ ಬೈಡನ್ ಸಹಿ ಹಾಕಿದರು. 2024ರಲ್ಲಿ ಅದು ವಿಧಿವತ್ತಾಗಿ ಜಾರಿಗೆ ಬಂತು.

ಅಂಥ ಶಾಲೆಗಳಿಂದ ಹೊರಬಂದ ತಲೆಮಾರು ತಾವು ತಂದೆ ತಾಯಿಯರಾದಾಗ ಮಾಡಿದ ತೀರ್ಮಾನ ಒಂದೇ: ನಮಗೆ ಬಿದ್ದ ಏಟು ನಮ್ಮ ಮಕ್ಕಳಿಗೆ ಬೇಡ. ಅಂಚೆಯವರ ತಾಯಿಯೂ ಅವರಲ್ಲೊಬ್ಬರು. ಮಕ್ಕಳೆದುರು ಇಂಗ್ಲಿಷ್, ಗಂಡ ಹೆಂಡಿರ ಗುಟ್ಟಿಗೆ ಮಾತ್ರ ಸ್ಪ್ಯಾನಿಷ್. ಇದನ್ನು ಮೂರ್ಖತನವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಕಾಲಕ್ಕೆ ಅದು ಪ್ರೀತಿಯೇ.

ಕಾಲ ತಿರುಗಿತು. ಟೆಕ್ಸಾಸಿನವರೇ ಆದ ಸೆನೆಟರ್ ಯಾರ್ಬರೋ ಮಂಡಿಸಿದ ದ್ವಿಭಾಷಾ ಶಿಕ್ಷಣ ಮಸೂದೆಗೆ 1968ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಅಂಕಿತ ಹಾಕಿದರು. ಜಾನ್ಸನ್ 1928ರಲ್ಲಿ ಇದೇ ಟೆಕ್ಸಾಸಿನ ಕೊಟುಲಾ ಎಂಬಲ್ಲಿ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟರಾಗಿದ್ದವರು. ಆದರೆ ಕಾನೂನು ಬಂದರೆ ನಾಲಗೆ ಬಂದೀತೆ? ಜಗಳ ಮುಂದುವರಿಯಿತು. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಹೆಚ್ಚುಕಡಿಮೆ ಕಿತ್ತುಹಾಕಿ, 2016ರಲ್ಲಿ ಮತ್ತೆ ಅದಕ್ಕೆ ದಾರಿ ಬಿಟ್ಟರು.

ಈ ಜಗಳದ ಎರಡು ದಡಗಳನ್ನು ನೋಡಬೇಕೆಂದರೆ ಇಬ್ಬರನ್ನು ಓದಬೇಕು. ಒಬ್ಬರು ರಿಚರ್ಡ್ ರಾಡ್ರಿಗೆಸ್. ಸ್ಯಾಕ್ರಮೆಂಟೋದಲ್ಲಿ ಬೆಳೆದ ಇವರ ಮನೆಗೆ ಶಾಲೆಯ ಸಂನ್ಯಾಸಿನಿಯರು ಬಂದು, ಹುಡುಗ ಮುಂದಕ್ಕೆ ಬರಬೇಕಾದರೆ ಮನೆಯಲ್ಲೂ ಇಂಗ್ಲಿಷ್ ಆಡಿ ಎಂದರಂತೆ; ತಂದೆ ತಾಯಿ ಒಪ್ಪಿದರು. ಹುಡುಗ ನಿಜವಾಗಿಯೂ ಮುಂದೆ ಬಂದ. ಮನೆಯಲ್ಲಿ ಮಾತ್ರ ಮಾತು ಕಡಿಮೆಯಾಯಿತು. 1982ರ 'ಹಂಗರ್ ಆಫ್ ಮೆಮರಿ' ಎಂಬ ಆತ್ಮಕಥೆಯಲ್ಲಿ ಅವರು ಈ ನಷ್ಟವನ್ನು ಮುಚ್ಚಿಡುವುದಿಲ್ಲ, ಆದರೂ ಅದು ತೆರಬೇಕಾದ ಬೆಲೆಯೇ ಎಂದು ವಾದಿಸುತ್ತಾರೆ. ಇನ್ನೊಬ್ಬರು ಗ್ಲೋರಿಯಾ ಅನ್ಸಾಲ್ದುವಾ. ದಕ್ಷಿಣ ಟೆಕ್ಸಾಸಿನ ಕಣಿವೆಯಲ್ಲಿ ಹುಟ್ಟಿ, ಬಿಡುವಿನ ಹೊತ್ತಿನಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಶಾಲೆಯಲ್ಲಿ ಪೆಟ್ಟು ತಿಂದವರು. 1987ರ 'ಬಾರ್ಡರ್‌ಲ್ಯಾಂಡ್ಸ್' ಪುಸ್ತಕದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಎರಡರ ಬೆರಕೆ ಎಲ್ಲವನ್ನೂ ಒಂದೇ ಪುಟದಲ್ಲಿ, ಅನುವಾದದ ಉಪಚಾರವಿಲ್ಲದೆ ಬರೆದರು. ಅರ್ಥವಾಗದಿದ್ದರೆ ಓದುಗ ಕಷ್ಟಪಡಲಿ ಎಂಬ ಛಲ. ನನಗೆ ಅನ್ಸಾಲ್ದುವಾ ಹೆಚ್ಚು ಹಿಡಿಸಿದರು. ಆದರೆ ನಮ್ಮ ಪೈಕಿ ಹೆಚ್ಚಿನವರು ಬಾಳುತ್ತಿರುವುದು ರಾಡ್ರಿಗೆಸ್ ಹೇಳಿದ ಹಾಗೆ ಎಂಬುದನ್ನೂ ಹೇಳದಿರಲಾರೆ.

ಹಾಡಿನ ಕಥೆ ಇನ್ನೊಂದು. 1958ರಲ್ಲಿ 'ಲಾ ಬಾಂಬಾ' ಹಾಡಿ ದೇಶವನ್ನೇ ಕುಣಿಸಿದ ರಿಚ್ಚಿ ವ್ಯಾಲೆನ್ಸ್‌ಗೆ (ನಿಜವಾದ ಹೆಸರು ವಲೆನ್ಸುಯೇಲಾ) ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ, ಉಚ್ಚಾರ ಕೇಳಿ ಬಾಯಿಪಾಠ ಮಾಡಿದ್ದ. ಟೆಕ್ಸಾಸಿನ ಕಣ್ಮಣಿ ಸೆಲೀನಾ ಕೂಡ ಹಾಗೆಯೇ: ಮನೆಮಾತು ಇಂಗ್ಲಿಷ್, ತಂದೆ ಹೇಳಿಕೊಟ್ಟ ಸ್ಪ್ಯಾನಿಷ್ ಹಾಡು. ಮೆಕ್ಸಿಕೋದಲ್ಲಿ ಹೆಸರಾದ ಮೇಲೆ ಪತ್ರಕರ್ತರ ಮುಂದೆ ತಡವರಿಸುತ್ತ, ತನ್ನ ತಪ್ಪಿಗೆ ತಾನೇ ನಗುತ್ತ ಭಾಷೆ ಕಲಿತಳು. ಆ ನಗುವಿಗೇ ಅಲ್ಲಿಯ ಜನ ಮರುಳಾದರು. 1995ರಲ್ಲಿ ಇಪ್ಪತ್ತಮೂರರ ವಯಸ್ಸಿಗೆ ಕೊಲೆಯಾಗಿ ಹೋದಳು. ರಾಜ್ಯೋತ್ಸವಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕನ್ನಡ ಗೀತೆ ಹಾಡುವ ನಮ್ಮ ಮಕ್ಕಳನ್ನು ಸಭಿಕರಲ್ಲಿ ಕೆಲವರು ಆಡಿಕೊಳ್ಳುವುದುಂಟು. ಅವರು ಸೆಲೀನಾಳ ಹಳೆಯ ಸಂದರ್ಶನಗಳನ್ನು ಒಮ್ಮೆ ನೋಡಬೇಕು.

ಇನ್ನು ಪಾಠದ ವಿಷಯ. ಇಲ್ಲಿ ಕನ್ನಡಿಗನಿಗೆ ಅನಿರೀಕ್ಷಿತವಾದ ಅನುಕೂಲಗಳಿವೆ. ಬರೆದಂತೆ ಓದುವ ಭಾಷೆ. ತ, ದ ಗಳು ನಮ್ಮವೇ. ಇಂಗ್ಲಿಷಿನ ಟ, ಡ ಅಲ್ಲಿ ಕೆಲಸಕ್ಕೆ ಬಾರವು. ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ನಮ್ಮ 'ಞ'ಕಾರಕ್ಕೆ ಕೊನೆಗೂ ಕೆಲಸ ಸಿಕ್ಕಿತು: ಅವರಲ್ಲಿ ಎನ್ ಅಕ್ಷರದ ಮೇಲೆ ಅಲೆಯೊಂದು ಎಳೆದರೆ ಅದೇ ಸ್ವರ. 'ನಾನು', 'ಅವಳು' ಎಂದು ಹೇಳಬೇಕಾಗಿಲ್ಲ. ಕ್ರಿಯಾಪದದ ಬಾಲ ನೋಡಿದರೆ ಯಾರೆಂದು ತಿಳಿಯುತ್ತದೆ. 'ಬಂದೆ' ಎಂದರೆ ಸಾಕಲ್ಲ ನಮಗೆ, ಹಾಗೆಯೇ. ಎಲ್ಲಕ್ಕಿಂತ ಸೊಗಸಾದದ್ದು 'ಮೆ ಗುಸ್ತಾನ್ ಲೋಸ್ ಮಾಂಗೋಸ್'. ಇಂಗ್ಲಿಷಿನವರು 'ನಾನು ಮಾವಿನಹಣ್ಣನ್ನು ಮೆಚ್ಚುತ್ತೇನೆ' ಎಂದು ಹೊರಟು ಇಲ್ಲಿ ಎಡವುತ್ತಾರೆ. ನಮಗೆ 'ನನಗೆ ಮಾವಿನಹಣ್ಣುಗಳು ಹಿಡಿಸುತ್ತವೆ'. ಹಿಡಿಸುವುದು ಹಣ್ಣು, ನಾನಲ್ಲ. ತಲೆನೋವೂ ಹಾಗೆಯೇ, 'ಮೆ ದುಎಲೆ ಲಾ ಕಬೇಸಾ', ನನಗೆ ತಲೆ ನೋಯುತ್ತದೆ. ಇಡೀ ತರಗತಿ ತಿಣುಕುತ್ತಿದ್ದಾಗ ನಾನೊಬ್ಬ ಹಾಯಾಗಿ ಕೂತಿದ್ದೆ. ಇಂಗ್ಲಿಷಿನಲ್ಲಿ ಒಂದೇ ಇರುವ 'ಇರು' ಅವರಲ್ಲಿ ಎರಡು: 'ಸೇರ್' ಮತ್ತು 'ಎಸ್ತಾರ್'. 'ಅವರು ಮೇಷ್ಟರು' ಎನ್ನಲು ಮೊದಲನೆಯದು, 'ಅವರು ಮನೆಯಲ್ಲಿದ್ದಾರೆ' ಎನ್ನಲು ಎರಡನೆಯದು. ನಮ್ಮಲ್ಲಿ ಮೊದಲ ವಾಕ್ಯಕ್ಕೆ ಕ್ರಿಯಾಪದವೇ ಬೇಡ, ಎರಡನೆಯದಕ್ಕೆ ಬೇಕು. ಭೇದ ನಮಗೆ ಮೊದಲೇ ಗೊತ್ತು.

ಕಷ್ಟವಿರುವುದು ಲಿಂಗದಲ್ಲಿ. ಕನ್ನಡದಲ್ಲಿ ಮೇಜು ಮೇಜೇ, ಅದಕ್ಕೆ ಸ್ತ್ರೀತ್ವದ ಆರೋಪವಿಲ್ಲ. ಸ್ಪ್ಯಾನಿಷಿನಲ್ಲಿ ಮೇಜು ಹೆಂಗಸು, ಪುಸ್ತಕ ಗಂಡಸು. ಹಿಂದಿಯ 'ಕಾ, ಕೀ'ಗಳೊಡನೆ ಹೆಣಗಿದವರಿಗೆ ಈ ಪಾಡು ವಿವರಿಸಬೇಕಾಗಿಲ್ಲ.

ಹಣ್ಣಿನ ಮಾತು ಬಂತು. 'ಮಾಂಗೊ' ಎಂಬ ಪದ ನಮ್ಮ ದಕ್ಷಿಣದ 'ಮಾಂಗಾ'ದಿಂದ ಪೋರ್ಚುಗೀಸರ ಹಡಗು ಹತ್ತಿ ಹೋದದ್ದು. ಬದಲಿಗೆ ಬಂದದ್ದೂ ಕಡಿಮೆಯೇನಲ್ಲ: ಟೊಮೇಟೊ ಮೆಕ್ಸಿಕೋದ ನಹುವಾತ್ಲ್ ಭಾಷೆಯ 'ತೋಮಾತ್ಲ್', ನಮ್ಮ ಸಪೋಟಾ ಅದೇ ಭಾಷೆಯ 'ತ್ಸಪೋತ್ಲ್', ಸ್ಪ್ಯಾನಿಷಿನಲ್ಲಿ 'ಸಪೋತೆ'. ಮೆಕ್ಸಿಕೋದಲ್ಲಿ ಆ ಹಣ್ಣಿನ ಹೆಸರು ಚಿಕೊಸಪೋತೆ. ಹುಬ್ಬಳ್ಳಿಯವರು ಚಿಕ್ಕು ಎಂದು ಮೊದಲರ್ಧ ಇಟ್ಟುಕೊಂಡರು, ಮೈಸೂರಿನವರು ಸಪೋಟಾ ಎಂದು ಉಳಿದರ್ಧ. ಒಣಮೆಣಸಿನಕಾಯಿಯನ್ನು ನಾವು ಬ್ಯಾಡಗಿಯದೆಂದು ಎಷ್ಟೇ ಹೆಮ್ಮೆ ಪಟ್ಟರೂ ಅದರ ತವರು ಇತ್ತಕಡೆಯದೇ.

ತರಗತಿಯಲ್ಲಿ ಆ ಹದಿಮೂರು ಮಂದಿಯ ಪಾಡು ಮಾತ್ರ ನನ್ನದಕ್ಕಿಂತ ತೀರ ಬೇರೆ. ನನಗೆ ಬಾರದಿದ್ದರೆ ಯಾರಿಗೂ ಬೇಸರವಿಲ್ಲ, ನಾಲ್ಕು ಮಾತು ಆಡಿದರೆ ಭೇಷ್ ಎನ್ನುತ್ತಾರೆ. ಅವರು ನಾಲ್ಕು ಮಾತಿನಲ್ಲಿ ಒಂದನ್ನು ತಪ್ಪಿದರೆ 'ಪೋಚೊ' ಎಂಬ ಮೂದಲಿಕೆ. ಈಚೆಗೆ ಹುಡುಗರ ಬಾಯಲ್ಲಿ 'ನೋ ಸಾಬೊ ಮಕ್ಕಳು' ಎಂಬ ಹೆಸರು ಚಾಲ್ತಿಗೆ ಬಂದಿದೆ; 'ಗೊತ್ತಿಲ್ಲ' ಎನ್ನಲು 'ನೋ ಸೇ' ಎನ್ನಬೇಕಾದವರು ತಪ್ಪಾಗಿ ಹಾಗೆನ್ನುತ್ತಾರೆಂದು. ಪ್ಯೂ ಸಂಶೋಧನಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮೂರನೆಯ ತಲೆಮಾರು ಮತ್ತು ಅದರಾಚೆಯವರಲ್ಲಿ ಸ್ಪ್ಯಾನಿಷಿನಲ್ಲಿ ಚೆನ್ನಾಗಿ ಸಂಭಾಷಿಸಬಲ್ಲವರು ಶೇಕಡ 34 ಮಾತ್ರ. ಹೆಚ್ಚು ಬಾರದವರಲ್ಲಿ ಅರ್ಧಕ್ಕೂ ಮಿಕ್ಕಿ ಜನ, ತಮ್ಮವರೇ ತಮ್ಮನ್ನು ಇದಕ್ಕಾಗಿ ನೋಯಿಸಿದ್ದುಂಟು ಎಂದರು. ಅದೇ ಸಮೀಕ್ಷೆಯಲ್ಲಿ ಶೇಕಡ 78 ಜನ, ಲ್ಯಾಟಿನೋ ಎನ್ನಿಸಿಕೊಳ್ಳಲು ಸ್ಪ್ಯಾನಿಷ್ ಬರಲೇಬೇಕೆಂದಿಲ್ಲ ಎಂದೂ ಹೇಳಿದರು! ತತ್ತ್ವಕ್ಕೆ ಒಂದು, ಆಡಿಕೊಳ್ಳುವುದಕ್ಕೆ ಒಂದು. ಸ್ಯಾನ್ ಆಂಟೋನಿಯೋದ ಮೇಯರಾಗಿದ್ದ ಹೂಲಿಯಾನ್ ಕಾಸ್ತ್ರೊ 2020ರ ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ಹೊರಟಾಗ ನಿಮಗೇಕೆ ಸ್ಪ್ಯಾನಿಷ್ ಸರಾಗವಾಗಿ ಬಾರದು ಎಂಬ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಕೊಡಬೇಕಾಯಿತು.

ಹಾಗಾದರೆ ಈ ಜನಕ್ಕೆ ಏನೂ ಬಾರದೆ? ಹಾಗಿಲ್ಲ. ಕಿವಿಗೆ ಬೇಕಾದಷ್ಟು ಗೊತ್ತು. ಅಡುಗೆಮನೆ, ಬೈಗುಳ, ದೇವರ ಪ್ರಾರ್ಥನೆ, ಮಗುವನ್ನು ಮಲಗಿಸುವ ಮಾತು ಎಲ್ಲವೂ ಒಳಗೆ ಇವೆ. ಭೂತಕಾಲದ ರೂಪಗಳು, ಅಕ್ಷರ, ಕಾಗುಣಿತ ಇಲ್ಲ. ಹೊಸಬರ ಪುಸ್ತಕ ಇವರಿಗೆ ಒಂದು ಕಡೆ ತೀರ ಸುಲಭ, ಇನ್ನೊಂದು ಕಡೆ ತೀರ ಕಠಿಣ. ಅದಕ್ಕೇ ಈಗ ಅನೇಕ ಕಾಲೇಜುಗಳಲ್ಲಿ ಇಂಥವರಿಗೆ ಪ್ರತ್ಯೇಕ ವಿಭಾಗವಿದೆ. 'ಪರಂಪರೆಯ ಭಾಷೆ' ಎಂಬ ಮಾತು ಶಿಕ್ಷಣದಲ್ಲಿ ನೆಲೆಯೂರಿದ್ದು ಕೆನಡಾದಲ್ಲಿ, ಒಂಟಾರಿಯೋ 1977ರಲ್ಲಿ ಆ ಹೆಸರಿನ ಯೋಜನೆ ಆರಂಭಿಸಿದಾಗ. ಅಮೆರಿಕದಲ್ಲಿ ಅದು ಬೇರೂರಿದ್ದು ಸುಮಾರು 1999ರ ನಂತರ.

ತೊಡಕು ಇನ್ನೊಂದಿದೆ: ಪುಸ್ತಕದ ಸ್ಪ್ಯಾನಿಷ್ ಅಜ್ಜಿಯ ಸ್ಪ್ಯಾನಿಷ್ ಅಲ್ಲ. ಅಂಚೆಯವರು ಒಂದು ದಿನ ಪಾಠದಲ್ಲಿ ಕಲಿತಂತೆ ತಾಯಿಯನ್ನು 'ಹೇಗಿದ್ದೀ' ಎಂದು 'ತು' ಹಾಕಿ ಕೇಳಿದರಂತೆ. ಆಕೆ ಮುಖ ತಿರುಗಿಸಿದಳು. ಆ ಕಡೆಯ ಹಳೆಯ ಮನೆಗಳಲ್ಲಿ ಮಕ್ಕಳು ತಂದೆ ತಾಯಿಯರನ್ನು 'ಉಸ್ತೆದ್', ಅಂದರೆ 'ನೀವು' ಎನ್ನಬೇಕು. ಮರುದಿನ ಬಹುವಚನ ಹಾಕಿದರು. "ಆಸಿನಾ ನೊಮಾಸ್" ಎಂದಳು ತಾಯಿ. ನಿಘಂಟಿನಲ್ಲಿ ಹುಡುಕಿದರೆ 'ಆಸಿ' ಇದೆ, 'ಆಸಿನಾ' ಕಾಣಲಿಲ್ಲ. ತರಗತಿಯಲ್ಲಿ ಕೇಳಿದರು. ನಮ್ಮ ಅಧ್ಯಾಪಕಿ ನ್ಯೂ ಮೆಕ್ಸಿಕೋದ ಹೆಣ್ಣುಮಗಳು, ಕಣ್ಣರಳಿಸಿದರು. 'ಆಸಿನಾ', 'ತ್ರಾಹೆ' ಎನ್ನುವಲ್ಲಿ 'ತ್ರೂಹೆ', ಇವು ತಪ್ಪಲ್ಲ. ಸೆರ್ವಾಂತೆಸನ ಕಾಲದವರು 'ತ್ರೂಹೆ' ಎಂದೇ ಬರೆಯುತ್ತಿದ್ದರು. ಸ್ಪೇನಿನಲ್ಲಿ ಭಾಷೆ ಮುಂದೆ ಸಾಗಿತು, ಗುಡ್ಡಗಾಡಿನ ಹಳ್ಳಿಗಳಲ್ಲಿ ಹಳೆಯದು ಉಳಿಯಿತು. ಔರೇಲಿಯೊ ಎಸ್ಪಿನೋಸಾ ಎಂಬ ವಿದ್ವಾಂಸರು 1909ರಿಂದಲೇ ನ್ಯೂ ಮೆಕ್ಸಿಕೋದ ಈ ನುಡಿಯನ್ನು ಕುರಿತು ಬರೆಯತೊಡಗಿದ್ದರು. ರುಬೇನ್ ಕೋಬೋಸ್ ಅದರದೊಂದು ನಿಘಂಟನ್ನು 1983ರಲ್ಲಿ ತಂದರು. "ತಾಯಿಯವರು ಹೇಳಿದ್ದನ್ನು ತಿದ್ದಬೇಡಿ, ಬರೆದುಕೊಳ್ಳಿ" ಎಂದರು ಅಧ್ಯಾಪಕಿ. ಕುಂದಾಪುರದ ಅಜ್ಜಿಯ ಕನ್ನಡವನ್ನು ಬೆಂಗಳೂರಿನ ಪಠ್ಯಪುಸ್ತಕ ಹಿಡಿದು ತಿದ್ದಹೊರಡುವ ನಮ್ಮ ಮೇಷ್ಟರುಗಳು ನೆನಪಾದರು.

ನಮ್ಮ ದೇಶದ ಎಳೆಯೊಂದೂ ಈ ಕಥೆಯಲ್ಲಿದೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಬೇಸಾಯಕ್ಕೆ ಬಂದ ಪಂಜಾಬಿ ಗಂಡಸರು, ಊರಿನಿಂದ ಹೆಂಡಿರನ್ನು ಕರೆತರಲು ಕಾನೂನು ಬಿಡದಿದ್ದಾಗ, ಮೆಕ್ಸಿಕನ್ ಹೆಣ್ಣುಗಳನ್ನು ಮದುವೆಯಾದರು. ಕ್ಯಾರನ್ ಲೆನಾರ್ಡ್ ಎಂಬ ವಿದುಷಿ 1992ರಲ್ಲಿ ಇವರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಗಂಡ ಹೊಲದ ಕೂಲಿಯವರೊಡನೆ, ಹೆಂಡತಿಯೊಡನೆ ಸ್ಪ್ಯಾನಿಷ್ ಕಲಿತ. ಮಕ್ಕಳಿಗೆ ಸಿಂಗ್ ಎಂಬ ಹೆಸರು ಬಂತು, ನಾಲಗೆಗೆ ತಾಯಿಯ ಸ್ಪ್ಯಾನಿಷ್ ಬಂತು, ಪಂಜಾಬಿ ಬರಲಿಲ್ಲ. ಅಪ್ಪನ ಭಾಷೆ ಒಂದೇ ತಲೆಮಾರಿನಲ್ಲಿ ಹೋಯಿತು. ಅದಕ್ಕೆ ಯಾರೂ ಶಾಲೆಯಲ್ಲಿ ಗೋರಿ ತೋಡಬೇಕಾಗಲಿಲ್ಲ.

ನಮ್ಮ ಮಕ್ಕಳಿಗೂ ಯಾರೂ ಏಟು ಹಾಕಿಲ್ಲ. ಕನ್ನಡ ಆಡಿದರೆ ಶಾಲೆಯಲ್ಲಿ ಚೆಂದ ಎನ್ನುತ್ತಾರೆ. ಆದರೂ ಕೂಟದ ಊಟದ ಪಂಕ್ತಿಯಲ್ಲಿ 'ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳೋ' ಎಂದರೆ ಉತ್ತರ ಇಂಗ್ಲಿಷಿನಲ್ಲಿ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಪೈಕಿ ಮೂವರು ಹಿರಿಯರು ನೆನಪು ಕಳೆದುಕೊಳ್ಳುವ ಕಾಯಿಲೆಗೆ ಸಿಕ್ಕಿದ್ದಾರೆ. ಒಬ್ಬರ ಮನೆಗೆ ಹೋಗಿದ್ದೆ. ಅವರು ತೀರ್ಥಹಳ್ಳಿಯ ತೋಟ, ಅಡಿಕೆ ಸುಲಿತ, ತುಂಗೆಯ ನೆರೆ ಎಂದು ಒಂದು ಗಂಟೆ ಮಾತನಾಡಿದರು. ಮಗಳು ಪಕ್ಕದಲ್ಲಿ ಕೂತು ತಂದೆಯ ಕೈ ಹಿಡಿದುಕೊಂಡಿದ್ದಳು. ಹೊರಡುವಾಗ ಬಾಗಿಲ ಬಳಿ ಬಂದು, "ಅಂಕಲ್, ಅಪ್ಪ ಏನು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ವಾರಕ್ಕೊಮ್ಮೆ ಹೋಗಿ ಹೇಳಿಬರುತ್ತಿದ್ದೇನೆ.

ಅಂಚೆಯವರ ನೋಟುಬುಕ್ಕು ಈಗ ಅರ್ಧ ತುಂಬಿದೆ. ತಾಯಿ ಆಡಿದ್ದನ್ನು ಕಿವಿಗೆ ಬಿದ್ದ ಹಾಗೆ ಬರೆದು ತರುತ್ತಾರೆ. ಕಾಗುಣಿತವನ್ನು ಅಧ್ಯಾಪಕಿ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ, ತಾಯಿಯ ಮಾತನ್ನು ಮಾತ್ರ ಮುಟ್ಟುವುದಿಲ್ಲ. ಹೋದ ವಾರದ ಪುಟದಲ್ಲಿ ಒಂದು ಕೋಳಿಯ ಕಥೆ ಇತ್ತು, ಅರ್ಧಕ್ಕೇ ನಿಂತಿದೆ; ಆಕೆ ಮುಂದಿನದನ್ನು ಇನ್ನೂ ಹೇಳಿಲ್ಲ.

ಎರಡನೆಯ ಹಂತದ ತರಗತಿ ಜನವರಿಯಲ್ಲಿ ಆರಂಭ. ಮಂಗಳವಾರ ಮತ್ತು ಗುರುವಾರ, ಸಂಜೆ ಆರೂವರೆಯಿಂದ ಎಂಟರವರೆಗೆ. ನರ್ಸಮ್ಮ ಮನೆಮಾತಿನವರ ವಿಭಾಗಕ್ಕೆ ಹೋಗುತ್ತಿದ್ದಾಳೆ. ಅಂಚೆಯವರೂ ಅಲ್ಲಿಗೇ. ನಾನು ಹೊಸಬರೊಂದಿಗೆ.